ಟಿ.ಸಿ. ಕೊಟ್ಟ ಮೇಲಿನ ಪ್ರಶ್ನೆ

ಹಿಂಜಿದ ಹತ್ತಿಗೆ ಒಂದು ವಾಸನೆಯಿದೆ. ಬಿಸಿಲಿಗೆ ಕಾದ ಗೋಣಿಚೀಲದ ಹಾಗೆ, ಗಂಟಲು ಕೆರೆಯುವಂಥದ್ದು. ಕಳೆದ ವಾರ ಹಳೆಯ ಹಾಸಿಗೆಯ ಹತ್ತಿ ಹಿಂಜಿಸಲು ವಿಜಯನಗರದ ಮಾರುಕಟ್ಟೆ ಬೀದಿಗೆ ಹೋಗಿದ್ದೆ. ಯಂತ್ರ ಗಡಗಡ ಎಂದಿತು, ಧೂಳು ಎದ್ದಿತು, ನಮ್ಮ ವಾರ್ಡಿನ ಸದಸ್ಯೆ ನೆನಪಾದರು. ಅವರ ಮನೆಯವರದೂ ಹಾಸಿಗೆ ಅಂಗಡಿ. ಪಾಲಿಕೆ ಸಭೆಗೆ ಬಂದಾಗಲೂ ಸೆರಗಿನಲ್ಲಿ ಹತ್ತಿಯ ಎಳೆ ಅಂಟಿರುತ್ತಿತ್ತು...

ನಾನಾಗ ಪತ್ರಿಕೆಯೊಂದಕ್ಕೆ ಪಾಲಿಕೆಯ ವರದಿಗಾರ. ಶಿಕ್ಷಣ ಸಮಿತಿಯಲ್ಲಿ ಅವರೊಬ್ಬರೇ ಮುಸ್ಲಿಂ ಸದಸ್ಯೆ. ಮನೆಮಾತು ಕನ್ನಡ, ಉರ್ದು ಅಷ್ಟಕ್ಕಷ್ಟೆ. ವಾರ್ಡಿನ ಉರ್ದು ಶಾಲೆ ಮುಚ್ಚಿ, ಮಾಗಡಿ ರಸ್ತೆಯ ಆಚೆಗಿನ ಶಾಲೆಯೊಂದಿಗೆ ವಿಲೀನ ಮಾಡುವ ಪ್ರಸ್ತಾವ ಬಂದಾಗ ಅಧಿಕಾರಿಗಳು ಅದನ್ನೇ ನೆಚ್ಚಿಕೊಂಡಿದ್ದರು.

"ಮೇಡಂ, ನಿಮ್ಮನೇಲೂ ಕನ್ನಡಾನೇ ಅಲ್ವಾ? ನೀವೇ ಒಪ್ಪಿಬಿಟ್ರೆ ಬೇರೆ ಯಾರೂ ಮಾತಾಡಲ್ಲ," ಎಂದು ಹಿರಿಯ ಅಧಿಕಾರಿ ನಕ್ಕರು.

"ನಮ್ಮನೆ ವಿಷ್ಯ ಬಿಡಿ ಸಾರ್. ಹೋದ್ಸಲ ಪಕ್ಕದ ವಾರ್ಡಲ್ಲಿ ಶಾಲೆ ಮುಚ್ಚಿದ್ರಲ್ಲ, ಆ ಹೆಣ್ಮಕ್ಕಳು ಎಲ್ಲಿ?"

"ಎಲ್ರಿಗೂ ಟಿ.ಸಿ. ಕೊಟ್ಟಿದೀವಿ ಮೇಡಂ."

"ಕೊಟ್ರಿ. ತಗೊಂಡು ಎಲ್ಲಿಗೆ ಹೋದ್ರು? ವಿಚಾರಿಸ್ಕೊಂಡು ಬನ್ನಿ, ಆಮೇಲೆ ಸಹಿ. ನಾನಂತೂ ಈ ಕುರ್ಚಿ ಬಿಡಲ್ಲ, ಬೇಕಾದ್ರೆ ಅಂಗಡಿಯಿಂದ ಹಾಸಿಗೇನೂ ತರಿಸ್ತೀನಿ."

ಎಲ್ಲರೂ ನಕ್ಕರು. ಆದರೆ ಕೇಳಿದ್ದು ಸಮಿತಿಯ ಸದಸ್ಯೆ. ಉತ್ತರ ತಾರದೆ ವಿಧಿಯಿರಲಿಲ್ಲ. ಮುಂದಿನ ಸಭೆಯಲ್ಲಿ ಅಧಿಕಾರಿ ತಗ್ಗಿದ ದನಿಯಲ್ಲಿ ಒಪ್ಪಿಸಿದರು: ಹುಡುಗರು ಹೊಸ ಶಾಲೆ ಸೇರಿದ್ದರು. ದೊಡ್ಡ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲೇ ಉಳಿದಿದ್ದರು. ಅಷ್ಟು ದೂರ ಕಳಿಸಲು ಹೆತ್ತವರು ಒಪ್ಪಿರಲಿಲ್ಲ. ನಮ್ಮ ವಾರ್ಡಿನ ಪ್ರಸ್ತಾವ ಅಲ್ಲಿಗೇ ನಿಂತಿತು.

ಸಭೆಯಿಂದ ಹೊರಗೆ ಬಂದ ಸದಸ್ಯೆ, "ನನ್ನ ಫೋಟೊ ಬೇಡ ಅಣ್ಣ, ಶಾಲೆ ಗೇಟ್ ಫೋಟೊ ಹಾಕಿ. ತೆರೆದಿರೋ ಗೇಟು," ಎಂದಿದ್ದರು.

ಅವರು ತೀರಿಕೊಂಡು ಕೆಲವು ವರ್ಷಗಳಾದವು. ಚುನಾವಣೆಯೇ ನಡೆಯದೆ ವಾರ್ಡಿಗೆ ಈಗ ಸದಸ್ಯರೂ ಇಲ್ಲ... ಈ ಬೇಸಿಗೆಯಲ್ಲಿ ಅದೇ ಗೇಟಿಗೆ ಬೀಗ ಬಿತ್ತು.

ಹಾಸಿಗೆ ಸಿದ್ಧವಾಗುವವರೆಗೆ ಕಾಯಲು ನನ್ನಿಂದಾಗಲಿಲ್ಲ. ಹತ್ತಿಯ ಧೂಳನ್ನೂ ಕೊಡವಿಕೊಳ್ಳದೆ ಶಿಕ್ಷಣಾಧಿಕಾರಿಯ ಕಚೇರಿಗೆ ಹೋದೆ.

"ಮಕ್ಕಳಿಗೆಲ್ಲ ಟಿ.ಸಿ. ಕೊಟ್ಟಾಗಿದೆ ಸಾರ್," ಎಂದರು ಅಲ್ಲಿದ್ದ ಅಧಿಕಾರಿ.

"ತಗೊಂಡು ಎಲ್ಲಿಗೆ ಹೋದ್ರು?" ಎಂದೆ.

"ಅದೆಲ್ಲ ನಮ್ ವ್ಯಾಪ್ತಿಗೆ ಬರಲ್ಲ ಸಾರ್. ಕೂತ್ಕೊಳ್ಳಿ, ಕಾಫಿ ಹೇಳ್ತೀನಿ."

ಪ್ರಶ್ನೆ ಆ ಸದಸ್ಯೆಯದೇ, ಒಂದಕ್ಷರವೂ ಬದಲಾಗಿರಲಿಲ್ಲ. ಅವರು ಕೇಳಿದ್ದಕ್ಕೆ ಅಧಿಕಾರಿಗಳು ಮನೆಮನೆ ಸುತ್ತಿ ಬಂದಿದ್ದರು. ನಾನು ಕೇಳಿದ್ದಕ್ಕೆ ಕಾಫಿ ಬಂತು.