ಫೈಲುಗಳಿಗೆ ಹೆಸರಿಡುತ್ತಿದ್ದ ಟೀಚರ್

ಮೊನ್ನೆ ಲೋಕಲ್ ರೈಲಿನಲ್ಲಿ ಪಕ್ಕದವಳು ಮಣಿಕಟ್ಟಿಗೆ ನೋವಿನ ಮುಲಾಮು ತಿಕ್ಕಿಕೊಂಡಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಟೀಚರ್ ನೆನಪಾದರು. ಕೂತಲ್ಲಿ ಕೂರಲಾಗದೆ ಎದ್ದು ಬಾಗಿಲ ಬಳಿ ನಿಂತೆ.

ನಾವು ಓದಿದ ಕನ್ನಡ ಶಾಲೆ ಮುಚ್ಚಿದ ಮೇಲೆ, ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅದರ ಫೋಟೋಗಳನ್ನು ಆನ್‌ಲೈನ್‌ನಲ್ಲಿ ಒಂದೇ ಕಡೆ ಕೂಡಿಡಲು ಶುರು ಮಾಡಿದ್ದೆವು. ಯಾರು ಬೇಕಾದರೂ ಫೋಟೋ ಸೇರಿಸಬಹುದು, ಅದರ ಹೆಸರು ತಿದ್ದಬಹುದು. ಟೀಚರ್ ಆಗ ನಿವೃತ್ತರಾಗಿ ದಹಿಸರ್‌ನಲ್ಲಿದ್ದರು. ಫೈಲುಗಳಿಗೆ ಹೆಸರಿಡುವ ಕೆಲಸ ತಾವೇ ವಹಿಸಿಕೊಂಡರು. ಮೌಸ್ ಒತ್ತಿ ಒತ್ತಿ ಕೈ ಬಾತುಕೊಂಡರೂ ಮುಲಾಮು ಹಚ್ಚಿಕೊಂಡು ಮತ್ತೆ ಕೂರುತ್ತಿದ್ದರು.

ಅವರು ಫೈಲಿಗೆ ಮಕ್ಕಳ ಹೆಸರನ್ನೇ ಇಡುತ್ತಿದ್ದರು. ಇದೆಲ್ಲದರ ಉಸ್ತುವಾರಿ ನೋಡುತ್ತಿದ್ದ ನನ್ನ ಸಹಪಾಠಿ ಇಸವಿ, ತರಗತಿ, ನಂಬರು ಇರಬೇಕು ಎನ್ನುತ್ತಿದ್ದ. ಅವನು ರಾತ್ರಿ ಬದಲಿಸಿದ್ದನ್ನು ಇವರು ಬೆಳಿಗ್ಗೆ ಮತ್ತೆ ಬದಲಿಸುವರು. ಒಮ್ಮೆ ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಇಬ್ಬರನ್ನೂ ಕೂರಿಸಿದೆ.

"ಟೀಚರ್, ಒಬ್ಬೊಬ್ಬರು ಒಂದೊಂದು ಥರ ಇಟ್ರೆ ಹುಡುಕೋದು ಹೇಗೆ?" ಎಂದ ಅವನು.

"ಹುಡುಕೋರು ಹೆಸರು ಹಿಡದ ಹುಡುಕ್ತಾರಪಾ. ತಮ್ಮ ಮಗನ್ನ ಯಾರರ ನಂಬರ್‌ಲೆ ಕರೀತಾರೇನು?"

ಇಬ್ಬರೂ ಸೋಲಲಿಲ್ಲ. ತರಿಸಿದ ಕಾಫಿ ಆರಿಹೋಯಿತು...

ಕೆಲವು ವಾರಗಳ ನಂತರ ಒಂದು ಫೋಟೋದ ಕೆಳಗೆ ವಿಕ್ರೋಳಿಯ ಹೆಂಗಸೊಬ್ಬಳು ಬರೆದಿದ್ದಳು. ಅವಳ ತಮ್ಮ ನಮ್ಮ ಶಾಲೆಯ ಹುಡುಗ. ಓದುತ್ತಿದ್ದಾಗಲೇ ಹಳಿ ದಾಟಲು ಹೋಗಿ ಲೋಕಲ್‌ಗೆ ಸಿಕ್ಕು ತೀರಿಕೊಂಡಿದ್ದ. ಟೀಚರ್ ಫೈಲಿಗೆ ಇಟ್ಟಿದ್ದ ಅವನ ಹೆಸರು ನೋಡಿ ಅವಳು ತೆರೆದಿದ್ದಳು. 'ಇಂವ ನನ್ ತಮ್ಮ ಅಲ್ರಿ. ನಮ್ ಹತ್ರ ಅವನ್ದು ಒಂದೂ ಫೋಟೋ ಇಲ್ಲ. ಸಿಕ್ತು ಅಂತ ಅಮ್ಮೀನ ಕರದು ತೋರಿಸಿದ್ನಿ' ಎಂದಿತ್ತು.

ಟೀಚರ್ ನನಗೆ ಫೋನು ಮಾಡಿದರು. "ನನ್ನ ಜೋಡಿ ಬರ್ತಿಯೇನವಾ? ಆ ತಾಯಿ ಮುಂದ ನಿಲ್ಲಬೇಕು ನಾ."

ದಾದರ್‌ನಲ್ಲಿ ಗಾಡಿ ಬದಲಿಸಿ ವಿಕ್ರೋಳಿಗೆ ಹೋದೆವು. ದಾರಿಯುದ್ದಕ್ಕೂ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಸಾಲುಮನೆಗಳ ಚಾಳಿನ ಅವರ ಖೋಲಿಯಲ್ಲಿ ಮುದುಕಿ ತಾಯಿ ಗೋಡೆಗೊರಗಿ ಕೂತಿದ್ದಳು. ಟೀಚರ್ ಅವಳೆದುರು ನೆಲದ ಮೇಲೆಯೇ ಕೂತರು.

"ನನ್ನಿಂದ ತಪ್ಪಾತ್ರಿ. ಬ್ಯಾರೆ ಹುಡುಗನ್ನ ನಿಮ್ಮ ಮಗಾ ಅಂದೆ."

ಮಗಳೇ ಹೇಳಿದಳು: "ನೀವರ ಅವನ ಹೆಸರು ನೆನಪಿಟ್ಟೀರಿ ಟೀಚರ್. ನಮ್ ಮನ್ಯಾಗ ಆ ಹೆಸರು ಯಾರೂ ತಗೊಳಂಗಿಲ್ಲ."

ಟೀಚರ್ ಪ್ರಾರ್ಥನೆಗೆ ನಿಂತಾಗ ಅವನು ಮುಂದಿನ ಸಾಲಿನ ಹುಡುಗಿಯರ ರಿಬ್ಬನ್ ಎಳೆಯುತ್ತಿದ್ದುದನ್ನು ಹೇಳಿದರು. "ಬೈದರ ಎಷ್ಟ್ ಛಂದ ನಗತಿದ್ದಾ!" ಮಗಳು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಮುದುಕಿ ನಿಧಾನವಾಗಿ ಕೈ ಚಾಚಿ ಟೀಚರ್ ಮಂಡಿಯ ಮೇಲಿಟ್ಟಳು. "ಔರ್ ಬೋಲೋ," ಎಂದಳು. ಇನ್ನೂ ಹೇಳಿ ಎಂದು. ನಾವು ಎದ್ದಾಗ ಸಂಜೆಯಾಗಿತ್ತು.

ವಾಪಸು ಬರುವಾಗ ಸ್ಟೇಷನ್ನಿನ ಮೆಟ್ಟಿಲ ಮೇಲೆ ಅವರು ತಟ್ಟನೆ ನಿಂತರು. "ಹಂಗಾದ್ರ ಫೋಟೋದಾಗಿನ ಹುಡುಗ ಯಾರವಾ? ಅವನ ಮಾರಿ ಗುರುತದ... ಹೆಸರು ಬರವಲ್ದು." ಹಿಂದಿನಿಂದ ಜನ ನೂಕುತ್ತಿದ್ದರು. ಅವರು ಕದಲಲಿಲ್ಲ.

ಆಮೇಲೆ ಅವರು ತಾವಿಟ್ಟ ಹೆಸರುಗಳನ್ನೆಲ್ಲ ಮತ್ತೆ ತೆರೆದು, ಸಂಶಯವಿದ್ದ ಕಡೆಯೆಲ್ಲ 'ಇರಬಹುದು' ಎಂದು ಸೇರಿಸಿದರು. ದಿನ ಹೋದಂತೆ ಆ ಪದ ಹೆಚ್ಚುತ್ತಲೇ ಹೋಯಿತು. ಸಹಪಾಠಿ ಮಾತ್ರ ಆಮೇಲೆ ಒಂದನ್ನೂ ಮುಟ್ಟಲಿಲ್ಲ. ಕೊನೆಕೊನೆಗೆ ನಾನು ಹೋದರೆ ಟೀಚರ್ ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದರು. ನಾನೇ ನನ್ನ ಹೆಸರು ಹೇಳುತ್ತಿದ್ದೆ.

ಟೀಚರ್ ಹೋಗಿ ಒಂದು ವರ್ಷವಾಗುತ್ತ ಬಂತು. ಆ ಕೆಲಸ ಈಗ ನನ್ನದು. ಆಫೀಸಿನಲ್ಲಿ, ಗಾಡಿಯಲ್ಲಿ, ಎಲ್ಲೆಂದರಲ್ಲಿ, ಯಾರೆಂದು ಗೊತ್ತಾಗದ ಆ ಹುಡುಗನ ಫೋಟೋ ತೆರೆಯುತ್ತೇನೆ. ಎಣ್ಣೆ ಹಚ್ಚಿ ಬಾಚಿದ ತಲೆ, ಅಂಗಿಗೆ ಮೇಲಿನ ಗುಂಡಿ ಇಲ್ಲ. ಫೈಲಿಗೆ ಟೀಚರ್ ಕೊನೆಯದಾಗಿ ಇಟ್ಟ ಹೆಸರು 'ಇವನು ನನ್ನ ಹುಡುಗ'. ಎಷ್ಟೋ ಜನರಿಗೆ ತೋರಿಸಿದೆ. ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಟೀಚರ್ ಇದ್ದಿದ್ದರೆ ಕೇಳಬಹುದಿತ್ತು.