ಡಾಬಕಾದ ಒಂದೇ ತಾಟು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಔರಾದ ತಾಲೂಕಿನಲ್ಲಿ ಮಕ್ಕಳ ವೈದ್ಯನಾಗಿದ್ದೆ. ನ್ಯುಮೋನಿಯಾ, ಭೇದಿಯಿಂದ ಎದ್ದ ಮಕ್ಕಳು ಮುಂದಿನ ಎರಡು ವಾರಗಳಲ್ಲಿ ಬೇಗ ಸೊರಗುತ್ತವೆ. ಸೊರಗಿದ ಮಗುವಿಗೆ ಮತ್ತೊಂದು ಸೋಂಕು ತಗುಲಿದರೆ ಉಳಿಸುವುದು ಕಷ್ಟ. ಹಾಗಾಗಿ ಅಂಥವರಿಗೆ ದಿನಕ್ಕೊಂದರಂತೆ ಹದಿನಾಲ್ಕು ಪೌಷ್ಟಿಕ ಪಾಕೀಟು ಕೊಡುತ್ತಿದ್ದೆವು. ಶೇಂಗಾ, ಹಾಲಿನಪುಡಿ, ಸಕ್ಕರೆ, ವಿಟಮಿನ್ ಬೆರೆಸಿದ ಸಿಹಿ ಪೇಸ್ಟ್ ಅದು.

ಡಾಬಕಾ ಹಳ್ಳಿಯ ಕುರಿ ಸಾಕುವ ಮನೆಯ ಕೂಸು ರೇಣುಕಾ ನ್ಯುಮೋನಿಯಾದಿಂದ ಎದ್ದಾಗ ಏಳು ಕಿಲೋ ಇದ್ದಳು. ತೋಳಿನ ಸುತ್ತಳತೆ ಹನ್ನೆರಡು ಸೆಂಟಿಮೀಟರ್, ಅಂದರೆ ಅಳತೆ ಟೇಪಿನಲ್ಲಿ ಎಚ್ಚರಿಕೆಯ ಹಳದಿ ಭಾಗ. ಇನ್ನು ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಇಳಿದರೆ ಅಪಾಯದ ಕೆಂಪು. ವಾರ ಕಳೆದು ಅಂಗನವಾಡಿಯ ಅಂಗಳದಲ್ಲಿ ತೂಗಿದರೆ ನೂರು ಗ್ರಾಂ ಕಡಿಮೆ! ನನಗೆ ಸಿಟ್ಟು ನೆತ್ತಿಗೇರಿತು. "ಪಾಕೀಟು ಕುರಿಮರಿಗೆ ತಿನ್ನಿಸಿದಿಯೇನಮ್ಮ?" ಎಂದು ತಾಯಿ ನಾಗಮ್ಮನನ್ನು ಎಲ್ಲರೆದುರು ಕೇಳಿಬಿಟ್ಟೆ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮರುದಿನ ಊಟದ ಹೊತ್ತಿಗೆ ಅಂಗನವಾಡಿ ಕಾರ್ಯಕರ್ತೆ ಕಮಲಾಬಾಯಿ ನನ್ನನ್ನು ಆ ಮನೆಗೆ ಕರೆದೊಯ್ದರು. ಒಂದೇ ತಾಟು, ಸುತ್ತ ರೇಣುಕಾ ಸೇರಿ ಐದು ಪುಟ್ಟ ಮಕ್ಕಳು. ಅಜ್ಜಿ ತುಳಜಮ್ಮ ಒಂದು ಪಾಕೀಟನ್ನು ಹಿಂಡಿ ಐದು ರೊಟ್ಟಿ ಚೂರಿಗೆ ಸಮನಾಗಿ ಸವರುತ್ತಿದ್ದರು.

"ಅದು ಔಷಧ ಇದ್ದಂಗಮ್ಮ, ಕೂಸೊಂದೇ ತಿನ್ನಬೇಕು" ಅಂದೆ.

"ನಮ್ ಮನ್ಯಾಗ ಒಬ್ಬರು ತಿಂದು ನಾಕ್ ಮಂದಿ ನೋಡೂದಿಲ್ರಿ ಸಾಹೇಬ್ರ. ಹಂಗ ತಿಂದಿದ್ದು ಮೈಗಿ ಹತ್ತಂಗಿಲ್ರಿ" ಎಂದರು ಅಜ್ಜಿ.

ಕಮಲಾಬಾಯಿ ತಾಟಿನ ಪಕ್ಕ ಕುಳಿತು ಐವರ ತೋಳಿಗೂ ಟೇಪು ಸುತ್ತಿ ತೋರಿಸಿದರು. ನಾಲ್ಕು ಹಸಿರು, ಒಂದು ಹಳದಿ. ಅಜ್ಜಿ ಹಳದಿ ಬಂದ ರೇಣುಕಾಳ ತೋಳನ್ನು ಹಿಡಿದು ನೋಡಿದರು.

"ಹಂಗಾದ್ರ ಪಾಕೀಟ್ ಕೂಸಿಗೇ ಇರ್ಲಿ. ಈ ನಾಕಕ್ಕ ನಾ ಶೇಂಗಾ ಬೆಲ್ಲ ಕುಟ್ಟಿ ಉಂಡಿ ಮಾಡ್ತೇನಿ. ಎಲ್ಲಾರೂ ಕೂಡೇ ತಿಂತಾವ್ರಿ."

ಯಾರನ್ನೂ ಬಿಡದೆ ಕೂಸನ್ನು ಉಳಿಸಿಕೊಳ್ಳುವ ಆ ಜಾಣತನಕ್ಕೆ ಮನಸಾರೆ ತಲೆಬಾಗಿದೆ. ಹೊಸ ಹದಿನಾಲ್ಕು ಪಾಕೀಟು ಮುಗಿದಾಗ ರೇಣುಕಾ ಏಳು ಕಿಲೋ ನಾನೂರು ಗ್ರಾಂ. ತೋಳು ಹಸಿರಿನ ಅಂಚಿಗೆ ಬಂದಿತ್ತು. ಆ ದಿನ ಅದೇ ಅಂಗಳದಲ್ಲಿ, ಎಲ್ಲರೆದುರೇ, ನಾಗಮ್ಮನ ಕ್ಷಮೆ ಕೇಳಿದೆ.

"ಕೂಸು ನಗ್ಲಾಕತ್ತದಲ್ರಿ, ಬಿಡ್ರಿ" ಅಂದಳು.

ಅಲ್ಲಿಂದ ನಿವೃತ್ತಿಯವರೆಗೂ ಮಗುವಿನ ತೂಕ ಬರೆಯುವ ಮೊದಲು "ಒಂದು ತಾಟಿನಲ್ಲಿ ಎಷ್ಟು ಮಕ್ಕಳು ಉಣ್ಣುತ್ತಾರೆ?" ಎಂದು ಕೇಳುವುದನ್ನು ನಾನು ಬಿಡಲಿಲ್ಲ. ಕಲಿಸಿದ್ದು ತುಳಜಮ್ಮ. ಕ್ಷಮೆ ಕೇಳಿದ ಆ ದಿನ ಅವರ ಮನೆಗೂ ಹೋಗಿ ಹೊರಟು ನಿಂತಾಗ ಅವರು ನನ್ನ ಕೈಗೂ ಒಂದು ಉಂಡಿ ಇಟ್ಟರು.

"ಮಕ್ಕಳು ತಿನ್ಲಾಕತ್ತಾವ, ನೀವು ನೋಡ್ಕೋತ ನಿಂತೀರಿ. ತಿನ್ರಿ ಸಾಹೇಬ್ರ."