ಯಂತ್ರ ತೊಳೆಯುವವಳು

ಗಾರೆಯವನ ಹೆಂಡತಿ ಎಂದೇ ಅವಳನ್ನು ಎಲ್ಲರೂ ಕರೆಯುತ್ತಿದ್ದರು. ಗಂಡ ಗೋಡೆ ಕಟ್ಟುತ್ತಿದ್ದ. ಅವಳು ಕಾಂಕ್ರೀಟಿನ ಬಾಂಡ್ಲಿ ಹೊತ್ತು ಮಹಡಿ ಹತ್ತುತ್ತಿದ್ದಳು. ಗೋಡೆ ಕಟ್ಟುವ ಯಂತ್ರ ಬಂದಾಗ ಇಬ್ಬರ ಕೆಲಸಕ್ಕೂ ಕುತ್ತು ಬಂತು. ಉದ್ದ ಕೈಯ ಆ ಯಂತ್ರ, ಪೈಪಿನಲ್ಲಿ ಬಂದ ಕಾಂಕ್ರೀಟನ್ನು ಮೂತಿಯಿಂದ ಪದರ ಪದರವಾಗಿ ಹಿಂಡುತ್ತ ತಾನೇ ಗೋಡೆ ಎಬ್ಬಿಸುತ್ತಿತ್ತು. ಆದರೆ ತನ್ನನ್ನು ತಾನು ತೊಳೆದುಕೊಳ್ಳಲು ಅದಕ್ಕೆ ಬರುತ್ತಿರಲಿಲ್ಲ. ಸಂಜೆ ಒಳಗೆ ಉಳಿದದ್ದು ಬೆಳಗಾಗುವುದರೊಳಗೆ ಕಲ್ಲಾಗುತ್ತದೆ. ತೊಳೆಯುವ ಕೆಲಸ ಎಂದೊಡನೆ ಮೇಸ್ತ್ರಿಯ ಕಣ್ಣು ಗಂಡಸರನ್ನೆಲ್ಲ ದಾಟಿ ಅವಳ ಮೇಲೆ ನಿಂತಿತು.

"ಮನೇಲಿ ಪಾತ್ರೆ ತಿಕ್ಕಲ್ವಾ? ಹಂಗೇ ಇದೂ."

ಗಂಡ ಮನೆಯಲ್ಲಿ ಕುಳಿತ. ನಿಜವಾಗಿಯೂ ಕುಳಿತೇ ಇದ್ದ. ಅವಳು ಬರುವವರೆಗೆ ಅವನು ಕುಡಿದಿಟ್ಟ ಲೋಟವೂ ಕದಲುತ್ತಿರಲಿಲ್ಲ. ಅತ್ತೆ ಪಕ್ಕದ ಮನೆಗೆ ಕೇಳುವಂತೆ ಹೇಳುತ್ತಿದ್ದಳು: "ಕಬ್ಬಿಣದ ಮಗೂಗೆ ಸ್ನಾನ ಮಾಡಿಸ್ತಾಳೆ ಕಣ್ರೀ ನನ್ನ ಸೊಸೆ. ನನ್ನ ಮಗನಿಗೆ ಬಿಸಿನೀರು ಕಾಯಿಸೋಕೆ ಪುರುಸೊತ್ತಿಲ್ಲ."

ಸೊಸೆಗೆ ತನ್ನದು ಅಂತ ಇದ್ದದ್ದು ಆ ಕೆಲಸವೊಂದೇ. ಪೈಪಿನೊಳಗೆ ಒದ್ದೆ ಸ್ಪಂಜಿನ ಉಂಡೆ ತುರುಕಿ, ಆಚೆ ತಿಳಿನೀರು ಬರುವವರೆಗೆ ನೀರು ಬಿಡಬೇಕು. ಆಮೇಲೆ ಮೂತಿಯೊಳಗೆ ಬೆರಳಾಡಿಸಿ, ಮರಳಿನ ಕಾಳು ಉಳಿದಿದೆಯೇ ಎಂದು ನೋಡಬೇಕು. ಕೊಟ್ಟಿದ್ದ ಕೈಗವಸು ಗಂಡಸರ ಅಳತೆಯದು. ಹಾಕಿಕೊಂಡರೆ ಕಾಳು ಬೆರಳಿಗೆ ತಿಳಿಯದು. ಸಿಮೆಂಟಿಗೆ ಕೈ ಸುಟ್ಟು ಬಿರಿಯಿತು, ಬಿರಿದಲ್ಲಿ ಕೀವು ತುಂಬಿತು. ಒಂದು ದಿನ ಬೆರಳು ಮಡಚಲು ಬರಲೇ ಇಲ್ಲ.

"ರೀ, ಇವತ್ತೊಂದಿನ ನೀವು ಹೋಗಿ ಬನ್ನಿ. ಇಲ್ದಿದ್ರೆ ಬೇರೆಯವಳನ್ನ ಇಟ್ಕೋತಾರೆ."

"ಗೋಡೆ ಕಟ್ಟಿದ ಕೈ ಇದು. ಮುಸುರೆ ತೊಳೆಯೋಕೆ ಹೋಗ್ಲಾ?"

"ಸ್ಪಂಜು ಹಾಕಿ ನೀರು ಬಿಡಿ. ಒಳಗೆ ತೊಳೀಬೇಕು, ಒಳಗೆ."

"ಅದೇನು ಮಹಾ ವಿದ್ಯೆ ಅಂತ ಪಾಠ ಹೇಳ್ತೀಯೆ?"

ಗೊಣಗುತ್ತಲೇ ಹೋದ. ಉಂಡ ತಟ್ಟೆಯನ್ನೂ ತೊಳೆದವನಲ್ಲ. ತೊಳೆದದ್ದು ಹೊಳೆಯುತ್ತದೆ ಎಂಬುದಷ್ಟೇ ಅವನಿಗೆ ಗೊತ್ತಿತ್ತು. ಯಂತ್ರದ ಹೊರಮೈಯನ್ನು ಫಳಫಳ ಹೊಳೆಯುವಂತೆ ಉಜ್ಜಿ ಬಂದ. ಬೆಳಿಗ್ಗೆ ನೋಡಿದರೆ ಪೈಪು, ಪಂಪು, ಮೂತಿ ಎಲ್ಲ ಒಂದೇ ಕಲ್ಲು.

ಮೇಸ್ತ್ರಿ ಮನೆ ಬಾಗಿಲಿಗೇ ಬಂದ. "ನಾಳೆಯಿಂದ ನೀನು ಬರಬೇಡಮ್ಮ."

"ತೊಳೆದದ್ದು ನಾನಲ್ಲಣ್ಣ, ಇವರು."

"ಗಂಡಸಿನ ಕೈಲಿ ತೊಳೆಸಿದ್ದೇ ನಿನ್ನ ತಪ್ಪು. ಅವನಿಗೇನು ಗೊತ್ತಾಗ್ಬೇಕು?" ಎಂದ ಮೇಸ್ತ್ರಿ ಗಂಡನತ್ತ ತಿರುಗಿದ. "ಯಂತ್ರ ರಿಪೇರಿ ಆಗೋವರೆಗೆ ಕೈಯಲ್ಲೇ ಕಟ್ಟಿಸ್ಬೇಕು. ಕರಣೆ ಇದೆಯೇನಯ್ಯ? ಎತ್ಕೊಂಡು ಬಾ."

ಅವನು ಹೋದ. ಸಂಜೆ ಹಳೆಯ ಗತ್ತಿನಲ್ಲೇ ಮರಳಿದ. "ಯಂತ್ರ ಕೈಕೊಟ್ಟಾಗ ನನ್ನ ಮಗನೇ ಬೇಕಾಯ್ತು ನೋಡ್ರೀ," ಎಂದು ಅತ್ತೆ ಗೋಡೆಯಾಚೆಗೆ ಕೂಗಿ ಹೇಳಿದಳು. ಸಿಮೆಂಟು ಹತ್ತಿದ ಅಂಗಿಯನ್ನು ಅವನು ಹೆಂಡತಿಯ ಮುಂದೆ ಎಸೆದು, ಊಟದ ಡಬ್ಬಿ ಕುಕ್ಕಿದ.

"ಮೂಲೇಲಿ ಹಳೇ ಅಗುಳು ಅಂಟಿತ್ತು. ಎಲ್ಲರ ಮುಂದೆ ಮಾನ ಹೋಯ್ತು. ಒಳಗೆ ತೊಳೀಬೇಕು ಅನ್ನೋದೂ ಗೊತ್ತಿಲ್ವಾ ನಿನಗೆ?"

ಅವಳು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಡಬ್ಬಿಯ ಮೂಲೆಗೆ ಬೆರಳು ಹಾಕಿದಳು.